ಕೆಳಸಾಲಿನ ಹೆಸರು

ಊರ ನಡುವಿನ ಚೌಕದಲ್ಲಿ ಸ್ವಾತಂತ್ರ್ಯದ ಕಂಬ. ಅದರ ಬುಡದ ಕಲ್ಲಿನಲ್ಲಿ ಹೋರಾಟದಲ್ಲಿ ಸತ್ತವರ ಹೆಸರುಗಳು. ಆ ಕಲ್ಲು ತೊಳೆಯುವ ಮುದುಕಿಯನ್ನು ಎಲ್ಲರೂ ಕಂಬದಜ್ಜಿ ಎಂದೇ ಕರೆಯುತ್ತಿದ್ದರು. ಹುಟ್ಟುವ ಮೊದಲೇ ಅಪ್ಪನನ್ನು ಕಳಕೊಂಡವಳು. ನೋಡೋಣವೆಂದರೆ ಒಂದು ಫೋಟೋ ಕೂಡ ಇರಲಿಲ್ಲ. ಇದೇ ಚೌಕ ಗುಡಿಸುತ್ತಿದ್ದ ಅಮ್ಮ, ಮಗುವಿನ ಬೆರಳು ಹಿಡಿದು ಕೆಳಸಾಲಿನ ಒಂದು ಹೆಸರಿನ ಗುಳಿಗಳಲ್ಲಿ ಆಡಿಸಿ, "ಇದೇ ನಿಮ್ಮಪ್ಪ" ಅಂದಿದ್ದಳು. ಅಜ್ಜಿಗೆ ಓದು ಬರಲಿಲ್ಲ. ಅಪ್ಪನನ್ನು ಮಾತ್ರ ಬೆರಳಿನಿಂದ ಓದುತ್ತಿದ್ದಳು.

ಅಮ್ಮನ ಪೊರಕೆ ಮಗಳ ಕೈಗೆ ಬಂತು. ಪಾರಿವಾಳಗಳು ಕಂಬಕ್ಕೆ ಮಾಡುವ ಮರ್ಯಾದೆ ಗೊತ್ತಿದ್ದದ್ದೇ. ಬೆಳಗಾದರೆ ಬಕೆಟ್ಟು, ನಾರಿನ ಬ್ರಶ್ಶು. ಉಳಿದವರಿಗೆಲ್ಲ ಬರೀ ನೀರು. ಅಪ್ಪನಿಗೆ ಮಾತ್ರ, ಹಿತ್ತಾಳೆ ಪಾತ್ರೆಗೆ ಹಾಕುವ ಹಾಗೆ, ಮನೆಯಿಂದ ಡಬ್ಬಿಯಲ್ಲಿ ತಂದ ಇಟ್ಟಿಗೆ ಪುಡಿ. ಎದುರಿನ ಚಹಾದಂಗಡಿಯವನು ಕಿಚಾಯಿಸುತ್ತಿದ್ದ.

"ಏನಜ್ಜಿ, ಅಪ್ಪಂಗೆ ಸ್ನಾನ ಆಯ್ತಾ?"

"ಆಯ್ತಪ್ಪ. ನಿಂದು ಯಾವಾಗ?"

ವಯಸ್ಸಾದಂತೆ ಬೆರಳಿಗೆ ಅಕ್ಷರ ಸರಿಯಾಗಿ ಸಿಗದಾಯಿತು. ಗುಳಿಯಲ್ಲಿ ಕೊಳೆ ಕೂತಿದೆ ಎಂದುಕೊಂಡು ಇನ್ನಷ್ಟು ಪುಡಿ ಹಾಕಿ ತಿಕ್ಕಿದಳು.

ಈ ವರ್ಷ ಹೆಸರುಗಳನ್ನು ಮತ್ತೆ ಆಳವಾಗಿ ಕೆತ್ತಲು ಪುರಸಭೆ ಕಚೇರಿಯವರು ಒಬ್ಬ ಕಲ್ಕುಟಿಗನನ್ನು ಕಳಿಸಿದರು. ಅಜ್ಜಿಗೆ ಹಿಗ್ಗೋ ಹಿಗ್ಗು. ಅವನು ಸಾಲು ಸಾಲಾಗಿ ಇಳಿದು ಬರುವಾಗ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅಪ್ಪನ ಸರದಿಗೆ ಕಾದಳು. ಕೆಳಸಾಲಿನಲ್ಲಿ ಅವನು ಉಳಿ ಎತ್ತಿಬಿಟ್ಟ.

"ಇದನ್ಯಾರೋ ಬೇಕಂತಲೇ ಅಳಿಸಿದಾರೆ ಅಜ್ಜಿ. ಅಕ್ಕಪಕ್ಕದ್ದು ನೋಡಿ, ಎಲ್ಲಾ ನೆಟ್ಟಗಿದೆ. ಯಾವ ಜನ್ಮದ ಹಗೆಯೋ."

ಅಜ್ಜಿ ಕಲ್ಲು ಮುಟ್ಟಿದಳು. ತೊಳೆದಿಟ್ಟ ತಟ್ಟೆಯ ನುಣುಪು. ಪಕ್ಕದ ಹೆಸರನ್ನೂ ಮುಟ್ಟಿದಳು, ಮೊದಲ ಸಲ. ಬೆರಳು ಒಳಗಿಳಿಯಿತು.

"ಹಗೆ ಅಲ್ಲಪ್ಪ. ತಿಕ್ಕಿದ್ದು ನಾನೇ."

ಅಪ್ಪನ ಹೆಸರು ಹೇಳಿ, ಕೆತ್ತು ಎಂದು ಅಂಗಲಾಚಿದಳು. ಅವನು ಕೆಟ್ಟವನಲ್ಲ. ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಉಳಿ ಹಾಕಬೇಕೆಂದು ಅಪ್ಪಣೆಯಾಗಿದೆ, ಬಾಯಿಮಾತಿಗೆ ಹಾಕಿದರೆ ನಾಳೆ ಊರಿಗೆ ಊರೇ ತಂತಮ್ಮ ಅಪ್ಪಂದಿರನ್ನು ಹೊತ್ತು ತರುತ್ತದೆ ಎಂದ. ಕಚೇರಿಗೆ ಹೋದಳು. ಅಲ್ಲಿಯೂ ಅದೇ ಮಾತು, ಕುರ್ಚಿಯ ಮೇಲೆ ಕೂತು ಆಡಿದರು ಅಷ್ಟೆ. ಹಳೆಯ ಕಾಗದಪತ್ರವೇನೂ ತಮ್ಮಲ್ಲಿ ಉಳಿದಿಲ್ಲ, ಅಪ್ಪನನ್ನು ಬಲ್ಲವರನ್ನು ಕರೆತನ್ನಿ ಎಂದರು. ಬಲ್ಲವರೆಲ್ಲ ಅಪ್ಪ ಹೋದಲ್ಲಿಗೇ ಹೋಗಿಯಾಗಿತ್ತು.

ತಿರುಗಿ ಬರುವಷ್ಟರಲ್ಲಿ ಕಲ್ಕುಟಿಗ ಆ ಜಾಗದಲ್ಲಿ ಒಂದು ಎಲೆಬಳ್ಳಿ ಕೆತ್ತಿದ್ದ. ಖಾಲಿ ಬಿಟ್ಟರೆ ಕಣ್ಣಿಗೆ ಹೊಡೆಯುತ್ತದೆ ಎಂದ.

ಮರುದಿನ ಅಜ್ಜಿ ಎಲ್ಲ ಹೆಸರುಗಳನ್ನೂ ತೊಳೆದಳು. ಬಳ್ಳಿಯನ್ನೂ ತೊಳೆದಳು, ಬರೀ ನೀರಿನಲ್ಲಿ. ಡಬ್ಬಿಯ ಪುಡಿಯನ್ನು ಮೋರಿಗೆ ಕೊಡವಿದಳು. ಚಹಾದಂಗಡಿಯವನು ಎಂದಿನಂತೆ ಅಪ್ಪನ ಸ್ನಾನದ ವಿಚಾರ ಕೇಳಿದ. ಅಜ್ಜಿ ಬಕೆಟ್ಟು ಎತ್ತಿಕೊಂಡು ನಡೆದಳು.