ಗಿವ್ ಅಲ್ಲ, ಪೇ

ಪ್ರಭಾವತಿ ಅಕ್ಕೋರಿಗೆ ಸಿಟ್ಟು ಬಂತೆಂದರೆ ಮೊದಲು ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದರು. ಎದುರಿನವರ ಮುಖ ಸರಿಯಾಗಿ ಕಂಡರೆ ಮುಲಾಜು ಹುಟ್ಟುತ್ತದೆ, ಮುಲಾಜು ಹುಟ್ಟಿದರೆ ಆಡಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ ಎನ್ನುವುದು ಅವರ ಲೆಕ್ಕ.

ಔರಾದ ಕಡೆಯವರು. ಬೀದರಿನ ಚಿದ್ರಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಬಾಡಿಗೆಗಿದ್ದು ಸಂಜೆ ಓಣಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ರೊಕ್ಕದ ಕ್ರಿಯಾಪದಗಳು ಬಂದ ವಾರ ಕನ್ನಡಕ ಮೂಗಿನ ಮೇಲೆ ನಿಲ್ಲಲೇ ಇಲ್ಲ. ನಮಗೆ ಎಲ್ಲವೂ ಕೊಡುವುದೇ. ಬಾಡಿಗೆ ಕೊಡುತ್ತೇವೆ, ಪಗಾರ ಕೊಡುತ್ತಾರೆ, ಸಾಲವನ್ನೂ ಕೊಡುತ್ತಾರೆ. ಹಾಗಾಗಿ ಎಲ್ಲದಕ್ಕೂ ಗಿವ್ ಎಂದು ಬರೆದಿದ್ದೆವು.

“ನಿಮ್ಮಪ್ಪ ಕಿರಾಣಿ ಅಂಗಡಿಯಂವಗ ದಾನ ಮಾಡ್ತಾನೇನು?” ಎಂದು ನನ್ನನ್ನೇ ಎದ್ದು ನಿಲ್ಲಿಸಿದರು. “ಕೊಡೂದಿಲ್ಲ ಅನ್ಲಿಕ್ಕಿ ಬರ್ತಿದ್ರ ಗಿವ್. ಕೊಡೂದಿಲ್ಲ ಅನ್ಲಿಕ್ಕಿ ಬರಲಿಲ್ಲಂದ್ರ ಪೇ. ತಿಳೀತಿಲ್ಲ?”

ಅಫೋರ್ಡ್ ಮಾತ್ರ ಸಲೀಸಾಗಿ ಬಂತು. ಖರ್ಚು ಕೈಗೆಟುಕುವುದಕ್ಕೆ ಪಕ್ಕದ ಮರಾಠಿಯಿಂದ ಬಂದ ‘ಪರವಡಸು’ ನಮ್ಮ ಬಾಯಲ್ಲಿ ಮೊದಲೇ ಇತ್ತಲ್ಲ. ಬೆಂಗಳೂರಿನವರ ಬಳಿ ಇಲ್ಲದ್ದು ನಮ್ಮ ಬಳಿ ಇರುವುದು ಇದೊಂದೇ ಎಂದು ಅಕ್ಕೋರು ಅವತ್ತು ನಕ್ಕರು.

ನನ್ನ ಡಿಗ್ರಿ ಮುಗಿದ ವರ್ಷ ಭಾಲ್ಕಿಯಿಂದ ವರನ ಕಡೆಯವರು ಬಂದರು. ಓದಿದವರೊಬ್ಬರು ಕೂತರೆ ನಮಗೂ ತೂಕ ಎಂದು ಅಪ್ಪನೇ ಅಕ್ಕೋರನ್ನು ಕರೆಸಿದ್ದ. ವರನ ಸೋದರಮಾವ ಚಹಾ ಮುಗಿಸಿ ಮೀಸೆ ಒರೆಸಿಕೊಂಡ.

“ನಮಗ ಏನೂ ಬ್ಯಾಡ್ರಿ. ಖುಷಿಲಿ ಎಷ್ಟ್ ಕೊಡ್ತೀರಿ ಕೊಡ್ರಿ. ಹುಡುಗನ ಅಣ್ಣಗ ಹತ್ತು ತೊಲಿ ಬಂಗಾರ ಬಂದದ, ಅಷ್ಟ್ ನೆನಪಿರ್ಲಿ.”

ಅಪ್ಪ ಆಯಿತೆಂದು ತಲೆಯಾಡಿಸಿದ. ನನ್ನ ಬಿ.ಎಡ್. ಫೀಸು ಪರವಡಸುವುದಿಲ್ಲ ಎಂದು ಅದೇ ತಿಂಗಳು ಹೇಳಿದ್ದ ಅಪ್ಪ.

ಅಕ್ಕೋರ ಕನ್ನಡಕ ಸೆರಗಿಗೆ ಹೋಯಿತು.

“ಇದು ಕೊಡೂದಲ್ಲರಿ, ಕಟ್ಟೂದು. ರೇಟ್ ಹೇಳೀರಿ ಅಂದಮ್ಯಾಲ ರಸೀದಿನೂ ಬರದು ಕೊಡ್ರಿ.”

ಸೋದರಮಾವ ಚೇಷ್ಟೆಯೆಂದು ನಕ್ಕ. ಅಕ್ಕೋರು ನನ್ನ ನೋಟ್‌ಬುಕ್ಕಿನ ಹಾಳೆ ಹರಿದು, ಪೆನ್ನಿನ ಜೊತೆ ಅವನ ಚಹಾದ ಬಸಿಯ ಪಕ್ಕದಲ್ಲಿಟ್ಟರು. ನಗು ನಿಂತಿತು. ಬಂದವರು ಚಪ್ಪಲಿ ಹುಡುಕಿಕೊಂಡು ಹೊರಟುಹೋದರು.

ಇನ್ನು ನಮ್ಮ ಹೊಸ್ತಿಲು ತುಳಿಯಬೇಡಿ ಎಂದು ಅಪ್ಪ ಗುಡುಗಿದ. ಅಕ್ಕೋರು ಅವನನ್ನು ದಾಟಿ ಬಂದರು. ಬಾಗಿಲ ಮರೆಯಲ್ಲಿ ಅಳುತ್ತಿದ್ದ ನನ್ನ ಹತ್ತಿರ ನಿಂತರು.

“ಹೊತ್ತಿಗೂ ರೊಕ್ಕಕ್ಕೂ ಇಂಗ್ಲಿಷಿನಾಗ ಅವೇ ಶಬ್ದ. ಸ್ಪೆಂಡ್, ಸೇವ್, ವೇಸ್ಟ್. ಅಳಕೋತ ವೇಸ್ಟ್ ಮಾಡಬ್ಯಾಡ. ಬಿ.ಎಡ್. ಫಾರ್ಮ್ ತುಂಬು.”

ತುಂಬಿದೆ. ಅವ್ವ ತನ್ನ ಕೈಯ ಬಂಗಾರದ ಪಾಟ್ಲಿ ಮಾರಿ ಫೀಸು ಕಟ್ಟಿದಳು. ಈಗ ಮನ್ನಳ್ಳಿಯ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಓಣಿ ಮಾತ್ರ ಅಕ್ಕೋರನ್ನು ಬಿಡಲಿಲ್ಲ. ಕೂಡಿಬಂದ ಸಂಬಂಧ ಮುರಿದ ಹೆಂಗಸೆಂದು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ಟ್ಯೂಷನ್ ಖಾಲಿಯಾಯಿತು, ಅವರು ಔರಾದಿಗೆ ಹೋದರು. ಅವರು ಕಲಿಸಿದ ಇಂಗ್ಲಿಷನ್ನೇ ಆಡಿ ನೌಕರಿ ಹಿಡಿದವರು ನಮ್ಮ ಓಣಿಯಲ್ಲಿ ಎಷ್ಟೋ ಮಂದಿ. ಹೋದ ವರ್ಷ ಅಕ್ಕೋರು ತೀರಿಕೊಂಡಾಗ ಚಿದ್ರಿಯಿಂದ ಮಣ್ಣಿಗೆ ಹೋದವಳು ನಾನೊಬ್ಬಳೇ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮೊನ್ನೆ ತಮ್ಮನಿಗೆ ಜನವಾಡದ ಹೆಣ್ಣು ಗೊತ್ತಾಯಿತು. ಊಟಕ್ಕೆ ಕೂತಾಗ ಅಪ್ಪ ಹೇಳಿದ.

“ನಾವು ಬಾಯಿ ಬಿಟ್ಟು ಏನೂ ಕೇಳಿಲ್ಲ. ಅವರೇ ಖುಷಿಲಿ ಕೊಡ್ತಾರ.”

ಎಷ್ಟು ಎಂದು ಕೇಳಿದೆ. ಹತ್ತು ತೊಲಿ ಎಂದ.

ಎದ್ದು ಹೋಗಿ ಹಾಳೆ ಹರಿದು ತಂದೆ. ಪೆನ್ನಿನ ಜೊತೆ ಅವನ ತಾಟಿನ ಪಕ್ಕದಲ್ಲಿಟ್ಟೆ.

“ರಸೀದಿ ಬರಿಯಪ್ಪಾ.”

ತಮ್ಮ ತಲೆ ತಗ್ಗಿಸಿದ. ಅಪ್ಪ ಪೆನ್ನು ಮುಟ್ಟಲಿಲ್ಲ. ತೆಗೆದಿಡಲು ನನಗೆ ಕನ್ನಡಕವಿಲ್ಲ. ವಯಸ್ಸಾದ ಅವನ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು, ಮುಲಾಜು ಗಂಟಲವರೆಗೆ ಬಂದಿತ್ತು. ಹಾಳೆ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.