ಅಲುಗಾಡಿಸುವಷ್ಟು ಹೊತ್ತು

ಗುಳಿಗೆ ನುಂಗುವ ಮೊದಲು ನಾನು ನೀರಿನ ಲೋಟವನ್ನು ಒಮ್ಮೆ ಅಲುಗಾಡಿಸುತ್ತೇನೆ. ಅದರಿಂದ ನೀರಿಗೂ ಏನೂ ಆಗುವುದಿಲ್ಲ, ಗುಳಿಗೆಗೂ ಏನೂ ಆಗುವುದಿಲ್ಲ. ಹೆಂಡತಿ ನಗುತ್ತಾಳೆ. ಕಿಕ್ಕೇರಿಯ ಆಸ್ಪತ್ರೆಯಲ್ಲಿ ಕಾಂಪೌಂಡರನಾಗಿ ಸೀಸೆ ಅಲುಗಾಡಿಸಿದ ಕೈ ಇದು; ನಾನು ನಿವೃತ್ತನಾದ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ.

ಆ ಕಾಲದ ಮಿಕ್ಸ್ಚರು, ಆಸ್ಪತ್ರೆಯಲ್ಲೇ ಕಲಸಿ ಕೊಡುತ್ತಿದ್ದ ನೀರೌಷಧಿ, ನಿಮಗೆ ನೆನಪಿದೆಯೇ? ನನ್ನ ನೆನಪಿನಲ್ಲಿ ಅದು ಕೆಂಪು, ಬೆಳಕಿಗೆ ಹಿಡಿದರೆ ಮಾಣಿಕ್ಯ. ಅದು ಚೆಲ್ಲಿದ ನನ್ನ ಪಂಚೆ ಒಗೆದ ಹೆಂಡತಿಯ ಪ್ರಕಾರ ಕೊಳಕು ಕಂದು. ನಾನು ಅವಳನ್ನೇ ನಂಬುತ್ತೇನೆ. ಹಂಬಲಕ್ಕೆ ಬಣ್ಣ ಬಳಿಯುವ ಚಟವಿದೆ. ಕಲೆ ತೆಗೆಯುವವರಿಗೆ ಅದಕ್ಕೆ ಪುರುಸೊತ್ತಿಲ್ಲ. ರೋಗಿಗಳು ಮನೆಯಿಂದಲೇ ಸೀಸೆ ತರುತ್ತಿದ್ದರು. ಔಷಧಿ ತುಂಬಿ, ಹೊತ್ತಿಗೆಷ್ಟು ಎಂದು ತಿಳಿಯಲು ಕಾಗದದ ಪಟ್ಟಿಗೆ ಹೊತ್ತಿಗೊಂದರಂತೆ ಹಲ್ಲು ಕತ್ತರಿಸಿ ಸೀಸೆಗೆ ಅಂಟಿಸುತ್ತಿದ್ದೆ. ಆಮೇಲೆ ಅಲುಗಾಡಿಸುವುದು. ಕೈ ಆಡುವಾಗ ಬಾಯಿ ಸುಮ್ಮನಿದ್ದೀತೇ? ಮಳೆ, ಮಗಳು, ಎಮ್ಮೆ ಎಲ್ಲವನ್ನೂ ವಿಚಾರಿಸುತ್ತಿದ್ದೆ.

ಗುಳಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ. ಹೊಸ ಡಾಕ್ಟರು ಮಿಕ್ಸ್ಚರು ನಿಲ್ಲಿಸಿದ ದಿನ, ಹೊಸ ಕಾಲ ಬಂತೆಂದು ಸಾಲಿನಲ್ಲಿ ನಿಂತವರಿಗೆಲ್ಲ ಸಾರಿದೆ. ಪ್ರಗತಿಯ ಮೇಲಿನ ಆ ಪ್ರೀತಿಗೆ ನನ್ನ ಭುಜದ ನೋವೂ ಕಾರಣವಾಗಿದ್ದೀತು.

ಶೀಳನೆರೆಯ ನಿಂಗಮ್ಮ ಮಾತ್ರ ಕೆಮ್ಮುತ್ತ, ಜ್ವರದಲ್ಲಿ, ಸೀಸೆ ಹಿಡಿದೇ ಬಂದಳು. ಗುಳಿಗೆ ಪೊಟ್ಟಣ ಕೊಟ್ಟು ಮುಂದಿನವರನ್ನು ಕರೆದೆ. ಕೆಲವೇ ದಿನಗಳಲ್ಲಿ ಮಗಳ ಹೆಗಲು ಹಿಡಿದು ಮತ್ತೆ ಬಂದಳು. ಮೈ ಕೆಂಡ. ಸೀಸೆಯಲ್ಲಿ ನೀರು, ತಳದಲ್ಲಿ ಬಿಳಿಯ ಗಸಿ. ಗುಳಿಗೆಗಳನ್ನೆಲ್ಲ ಅದರೊಳಗೆ ಹಾಕಿ, ನನ್ನ ಹಳೆಯ ಪಟ್ಟಿಯ ಪ್ರಕಾರ ಮೇಲಿನ ನೀರನ್ನಷ್ಟೇ ಕುಡಿದಿದ್ದಳು.

ಡಾಕ್ಟರು ರೇಗಿದರು: "ಏನಮ್ಮಾ, ಜೀವದ ಜೊತೆ ಆಟ ಆಡ್ತೀಯಾ? ಅಲ್ಲಾಡಿಸಿಯಾದರೂ ಕುಡೀಬಾರದಾ?"

"ಅಲ್ಲಾಡ್ಸೋದು ಈವಯ್ಯನ್ ಕೆಲ್ಸ ಅಲ್ವಾ ಬುದ್ಧಿ? ಮುಂಚೆ ಅಲ್ಲಾಡುಸ್ತಾ ನಮ್ಮೆಮ್ಮೆ ಎಂಗದೆ ಅಂತ ಕೇಳೋನು. ಈಗ ಪೊಟ್ಣ ಕೈಗಾಕ್ಬುಟ್ಟು, 'ಮುಂದ್ಕೋಗು' ಅಂತಾನೆ. ಅದು ಔಸ್ತಿನೋ ಕಡ್ಲೆಪುರೀನೋ, ನಂಗೇನ್ ಗೊತ್ತು?"

ಸಾಲಿನಲ್ಲಿದ್ದವರು ನಕ್ಕರು. ಡಾಕ್ಟರೂ ನಕ್ಕರೆಂದು ನೆನಪು. ಕಥೆ ಚೆನ್ನಾಗಲಿ ಎಂದು ಆಮೇಲೆ ನಾನೇ ನಗಿಸಿರಲೂಬಹುದು.

ಡಾಕ್ಟರ ಒಪ್ಪಿಗೆ ಪಡೆದು ಒಂದು ಹೊತ್ತಿನ ಗುಳಿಗೆ ಅರೆದು, ತೊಳೆದ ಸೀಸೆಯಲ್ಲಿ ನೀರಿಗೆ ಹಾಕಿ ಅಲುಗಾಡಿಸಿದೆ. "ಎಮ್ಮೆ ಹೇಗಿದೆ ನಿಂಗಮ್ಮಾ?"

"ಮಾರ್ಬುಟ್ಟೆ ಕಣಪ್ಪ," ಎಂದಳು. "ಓದ್ಸಲ ಬಂದಾಗ್ಲೇ ಏಳ್ಬೇಕು ಅಂತಿದ್ದೆ." ಗಟಗಟನೆ ಕುಡಿದಳು.

ಮಗಳ ಮನೆ ಕಿಕ್ಕೇರಿಯಲ್ಲೇ ಇತ್ತು. ಜ್ವರ ಬಿಡುವವರೆಗೆ ದಿನವೂ ಬಂದು ನನ್ನೆದುರೇ ಕುಡಿದು ಹೋದಳು. ಗುಣವಾದದ್ದು ಗುಳಿಗೆಯಿಂದ, ನನ್ನ ಕೈಗುಣದಿಂದಲ್ಲ. ಆ ಕಹಿ ಮಿಕ್ಸ್ಚರು ಮರಳಿ ಬರಲಿ ಎಂದು ನಾನು ಈಗಲೂ ಹೇಳಲಾರೆ.

ಈಗ ನಾನೂ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತೇನೆ. ಕಿಟಕಿಯಾಚೆಯ ಹುಡುಗ ಚುರುಕು. ಪೊಟ್ಟಣ ಕೈಗೆ ಬೀಳುವಷ್ಟರಲ್ಲಿ ಅವನ ಕಣ್ಣು ಮುಂದಿನವರ ಮೇಲಿರುತ್ತದೆ. ನಾನು ಮಾತ್ರ ಕಿಟಕಿ ಬಿಡದೆ ಸ್ವಲ್ಪ ತಡೆಯುತ್ತೇನೆ, ಒಂದು ಸೀಸೆ ಅಲುಗಾಡಿಸುವಷ್ಟು ಹೊತ್ತು. ಎಮ್ಮೆ ಹೇಗಿದೆ ಎಂದು ಕೇಳಿಯಾನು. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ. ಆದರೂ ಉತ್ತರ ಸಿದ್ಧವಿದೆ.