‘ಬರ್ಲಿ ಬರ್ಲಿ’ ಅನ್ನುವವರಿಲ್ಲದೆ

ಹದಿನೆಂಟು ವರ್ಷ ಗಾಡಿ ಓಡಿಸಿದವನು ನಾನು. ಆದರೆ ರಿವರ್ಸ್ ತೆಗೆಯುವುದು ನನಗೆ ಬರುತ್ತಿರಲಿಲ್ಲ. ಇದು ಗೊತ್ತಾಗಬೇಕಾದರೆ ಊರಿನಲ್ಲಿ ಲೈಸನ್ಸು ರದ್ದಾಗಿ, ಕೇರಳದಲ್ಲಿ ಮೊದಲಿನಿಂದ ಪರೀಕ್ಷೆ ಕೊಡಬೇಕಾಯಿತು.

ಎನ್. ಬೇಗೂರಿನ ಸುತ್ತಿನ ಶುಂಠಿ ಹೊಲಗಳಿಗೆ ಕೂಲಿ ಹೆಂಗಸರನ್ನು ಪಿಕಪ್ಪಿನ ಹಿಂದೆ ತುಂಬಿಕೊಂಡು ಹೋಗುತ್ತಿದ್ದೆ. ಸಾಮಾನಿನ ಗಾಡಿಗೆ ಜನ ತುಂಬಬಾರದು ಅಂತ ಗೊತ್ತಿತ್ತು. ಎಲ್ಲರೂ ತುಂಬುತ್ತಿದ್ದರು, ನಾನೂ ತುಂಬಿದೆ. ಹಿಂದಕ್ಕೆ ತೆಗೆಯುವಾಗ ಮೇಲೆ ನಿಂತವರೊಬ್ಬರು ಗಾಡಿಯ ಬಗಲಿಗೆ ತಟ್ಟುತ್ತಾ ‘ಬರ್ಲಿ, ಬರ್ಲಿ’ ಅನ್ನುವುದು ರೂಢಿ. ಪಕ್ಕದ ಮನೆಯ ಅಕ್ಕನ ಗಂಟಲು ದೊಡ್ಡದು, ಆ ಕೆಲಸ ಅವಳದೇ ಆಗಿತ್ತು. ಒಂದು ಬೆಳಿಗ್ಗೆ ಅವಳು ‘ನಿಲ್ಸು’ ಅಂದಾಗ ನನ್ನ ಕಿವಿ ಫೋನಿನಲ್ಲಿತ್ತು. ಹಿಂದಿನ ಚಕ್ರ ಹಳ್ಳಕ್ಕೆ ಜಾರಿತು. ಉಳಿದವರು ತರಚು ಗಾಯದಲ್ಲಿ ಪಾರಾದರು, ಅವಳ ಕಾಲು ಎರಡು ಕಡೆ ಮುರಿಯಿತು.

ಕೇಸಾಗಿ ಲೈಸನ್ಸು ರದ್ದಾಯಿತು, ಎರಡು ವರ್ಷ ಹೊಸದನ್ನು ಕೇಳುವ ಹಾಗಿರಲಿಲ್ಲ. ಶುಂಠಿ ಬೆಳೆಸುತ್ತಿದ್ದ ಸಾಹುಕಾರರು ವಯನಾಡಿನವರು. ಮಾನಂದವಾಡಿ ಹತ್ತಿರದ ತಮ್ಮ ತೋಟದಲ್ಲಿ ಚೀಲ ಹೊರುವ ಕೆಲಸ, ಇರಲು ಒಂದು ಕೋಣೆ ಕೊಟ್ಟರು. ಮತ್ತೆ ಸ್ಟೇರಿಂಗ್ ಹಿಡಿಯಲೇಬೇಕು ಅನ್ನುವ ಹಟದಲ್ಲೇ ಆ ಚೀಲಗಳನ್ನು ಹೊತ್ತೆ.

ಅವಧಿ ಮುಗಿದ ಮೇಲೆ ಅಲ್ಲಿಯ ವಿಳಾಸದಲ್ಲೇ ಅರ್ಜಿ ಹಾಕಿದೆ. ಹಿಂದೆ ರದ್ದಾಗಿತ್ತೇ ಅಂತ ಒಂದು ಪ್ರಶ್ನೆಯಿತ್ತು. ಬೇರೆ ರಾಜ್ಯ, ಇಲ್ಲ ಅಂತ ಬರಿ ಅಂದರು ಜೊತೆಯವರು. ಹೌದು ಅಂತ ಬರೆದೆ. ಅದೇನು ದೊಡ್ಡತನವಲ್ಲ, ಇನ್ನೊಂದು ಸಲ ಕಿತ್ತುಕೊಳ್ಳುವಂಥ ಲೈಸನ್ಸು ನನಗೆ ಬೇಡವಾಗಿತ್ತು. ಕೌಂಟರಿನವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನನ್ನ ಪುರಾಣವೆಲ್ಲ ಅಲ್ಲಿ ಮೊದಲೇ ಬಂದು ಕೂತಿತ್ತು.

ಅಲ್ಲಿ ಎಚ್ ಅಕ್ಷರದ ಆಕಾರಕ್ಕೆ ಕಂಬ ನಿಲ್ಲಿಸಿ, ಅದರೊಳಗೆ ಹಿಂದೆ ಮುಂದೆ ಓಡಿಸು ಅನ್ನುತ್ತಾರೆ. ಕಾಲೇಜು ಹುಡುಗಿಯರು ಸಲೀಸಾಗಿ ಮುಗಿಸಿ ಹೋದರು. ನಾನು ಎರಡನೇ ಕಂಬಕ್ಕೇ ತಾಗಿಸಿದೆ. ನಾಚಿಕೆಯ ಜೊತೆ ಸಿಟ್ಟೂ ಬಂತು. ರಾತ್ರಿ ಮಲಗಿದಾಗ ಹೊಳೆಯಿತು: ನಾನು ಕನ್ನಡಿ ನೋಡುತ್ತಲೇ ಇರಲಿಲ್ಲ, ಯಾರಾದರೂ ‘ಬರ್ಲಿ’ ಅಂದಾರು ಅಂತ ಕಾಯುತ್ತಿದ್ದೆ.

ಶುಂಠಿ ಕಿತ್ತ ಹೊಲದಲ್ಲಿ ಅದೇ ಆಕಾರಕ್ಕೆ ಬಿದಿರಿನ ಗಳ ನೆಟ್ಟು ರಿವರ್ಸ್ ಕಲಿಯತೊಡಗಿದೆ. ಸಾಹುಕಾರರು ಪಕ್ಕದಲ್ಲಿ ಕೂತು ಬಾಯಿ ತೆರೆದಾಗಲೆಲ್ಲ, ನೀವು ಸುಮ್ಮನಿರಿ ಅನ್ನುತ್ತಿದ್ದೆ. ಎರಡನೇ ಪರೀಕ್ಷೆಯಲ್ಲೂ ಕಂಬ ಅಲುಗಿತು. ಮೂರನೆಯದರಲ್ಲಿ ಅಲುಗಲಿಲ್ಲ.

ಕಾರ್ಡು ಕೈಗೆ ಬಂದ ವಾರವೇ ಸಾಹುಕಾರರ ಪಿಕಪ್ಪಿನಲ್ಲಿ ನಮ್ಮೂರ ಕಡೆಯಿಂದ ಶುಂಠಿ ತರಲು ಹೊರಟೆ. ಬೇಗೂರಿನ ಹತ್ತಿರ ಅಕ್ಕ ಕೋಟೆ ಪೇಟೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಳು, ಕೈಯಲ್ಲಿ ಸಂತೆ ಚೀಲ. ಗಾಡಿ ನಿಲ್ಲಿಸಿ, ಪಕ್ಕದ ಬಾಗಿಲು ತೆಗೆದೆ.

“ಅಕ್ಕ, ಮುಂದೆ ಕೂತ್ಕೊ. ಹಿಂದಕ್ಕೆ ಯಾರ್ನೂ ಹತ್ತಿಸಲ್ಲ ನಾನೀಗ.”

ಅವಳು ಬಾಗಿಲ ಮೇಲೆ ಕೈಯಿಟ್ಟು ಒಳಗೆ ನೋಡಿದಳು. ಮುಖದಲ್ಲಿ ಕೋಪವೇನೂ ಇರಲಿಲ್ಲ.

“ಲೈಸನ್ಸು ಸಿಕ್ತಲ್ಲ, ಒಳ್ಳೇದಾಯ್ತು ಬುಡು. ನಾನು ಬಸ್ಸಲ್ಲೇ ಬತ್ತೀನಿ ಕಣಪ್ಪ.”

ಬಾಗಿಲನ್ನು ಅವಳೇ ಮೆಲ್ಲಗೆ ಹಾಕಿದಳು. ಇನ್ನೂ ಒಬ್ಬರಿಂದ ಲೈಸನ್ಸು ಸಿಗಬೇಕಿತ್ತು ಅನ್ನುವುದು ನನಗೆ ಆಗ ತಿಳಿಯಿತು. ವಾರಕ್ಕೊಮ್ಮೆ ಆ ದಾರಿಯಲ್ಲಿ ಬರುತ್ತೇನೆ. ಅವಳು ಕಂಡರೆ ನಿಲ್ಲಿಸಿ, ಬಾಗಿಲು ತೆಗೆದು, ಬಸ್ಸು ಬರುವವರೆಗೂ ಕಾಯುತ್ತೇನೆ.